ಹ್ಯಾಂಡ್‌ಬಿಲ್ಲಿನ ಹಿಂಬದಿಯ ಪಾಠ

ಕಾಲುವೆ ಕ್ಯಾಂಪ್, ಹಚ್ಚೊಳ್ಳಿ ಅಂಚೆ
ಸಿರುಗುಪ್ಪ ತಾಲೂಕು
19-8-1974

ಲೇ ಮರಿಬಸಪ್ಪಾ,

ಕ್ಷೇಮ ಸಮಾಚಾರ ಕೊನೆಯಲ್ಲಿ, ಜಾಗ ಉಳಿದರೆ. ಈಗ ಪರದೆ ಎತ್ತುತ್ತಿದ್ದೇನೆ, ಕೂತು ಕೇಳು!

ಮೊನ್ನೆ ಶುಕ್ರವಾರ. ಹದಿನೈದನೇ ತಾರೀಖಿನ ಬಣ್ಣದ ಕಾಗದ ಇನ್ನೂ ಬಾಗಿಲಲ್ಲಿ ತೂಗುತ್ತಿತ್ತು. ಕಾಲುವೆಯ ಏರಿ ಮೇಲೆ ಧೂಳೆಬ್ಬಿಸುತ್ತ ಜೀಪು ಬಂತು. ಇಳಿದವರು ಯಾರು? ನಮ್ಮ ಹೊಸ ಇನ್‌ಸ್ಪೆಕ್ಟರ್ ಸಾಹೇಬರು! ಹಾಜರಿಯಲ್ಲಿ ನಲವತ್ಮೂರು ಹೆಸರು, ಮುಂದೆ ಕೂತವರು ಇಪ್ಪತ್ತಾರು. ‘ಉಳಿದವರು ಎಲ್ಲಿ ಹೋದ್ರು?’ ಎಂದರು. ‘ನೆಲ್ಲು ಹಚ್ಚಾಕ ಹೋಗ್ಯಾರ್ರಿ, ಕಾಲುವಿಗೆ ನೀರು ಬಂದೈತಿ’ ಎಂದೆ. ‘ನಿಮ್ಮ ಪಾಠ ಟಿಪ್ಪಣಿ ತೋರಿಸ್ರಿ’ ಎಂದರು.

ತೋರಿಸಿದೆ. ಯಾವುದನ್ನು? ನಿನ್ನದನ್ನು. ಎಂಟು ವರ್ಷದಿಂದ ಪ್ರತಿ ಜೂನ್‌ನಲ್ಲಿ ನೀನು ಬಳ್ಳಾರಿಯ ನಿನ್ನ ಸಾಲಿಯಿಂದ ಕಳಿಸುವ ಟಿಪ್ಪಣಿ, ನಾನು ದುಂಡಗೆ ನಕಲು ಮಾಡಿ ಕಪಾಟಿನಲ್ಲಿಡುವ ಟಿಪ್ಪಣಿ. ನಾನೊಬ್ಬನೇ ಅಲ್ಲ, ತಾಲೂಕಿನ ಅರ್ಧ ಮಾಸ್ತರರು ಇದನ್ನೇ ಮಾಡುತ್ತಾರೆ. ಸಾಹೇಬರು ಪುಟ ತೆರೆದು ಗಟ್ಟಿಯಾಗಿ ಓದಿದರು: ‘ವಿಷಯ, ರೈಲು ನಿಲ್ದಾಣ. ಚಟುವಟಿಕೆ, ಮಕ್ಕಳನ್ನು ಸಾಲಾಗಿ ಹತ್ತಿರದ ನಿಲ್ದಾಣಕ್ಕೆ ಕರೆದೊಯ್ದು ಇಪ್ಪತ್ತು ನಿಮಿಷದಲ್ಲಿ ತೋರಿಸಿ ಮರಳುವುದು.’

ಹತ್ತಿರದ ನಿಲ್ದಾಣ! ಇಲ್ಲಿಂದ ಬಸ್ಸು ಹಿಡಿದು, ಗಡಿ ದಾಟಿ, ಆಂಧ್ರಕ್ಕೆ ಕಾಲಿಟ್ಟರೆ ಸಿಗುವುದು ಹತ್ತಿರದ ನಿಲ್ದಾಣ! ಇಪ್ಪತ್ತು ನಿಮಿಷದಲ್ಲಿ ಹೋಗಿ ಬರಲು ನನ್ನ ಹತ್ತಿರ ಪುಷ್ಪಕ ವಿಮಾನ ಇದೆಯೇ? ಸಾಹೇಬರಿಗೆ ಅದು ಹೊಳೆಯಲಿಲ್ಲ. ಕೆಂಪು ಮಸಿಯಲ್ಲಿ ‘ಅತ್ಯುತ್ತಮ’ ಎಂದು ಬರೆದು ರುಜು ಹಾಕಿದರು.

ಆಮೇಲೆ ಅವರ ಕಣ್ಣು ಮೇಜಿನ ಮೇಲಿನ ಇನ್ನೊಂದು ಕಟ್ಟಿನ ಮೇಲೆ ಬಿತ್ತು.

‘ಇದೇನ್ರೀ ಮಾಸ್ತರೆ, ನಾಟಕದ ಹ್ಯಾಂಡ್‌ಬಿಲ್ಲು?’

‘ಹಿಂದಿನ ಬದಿ ನೋಡ್ರಿ ಸಾಹೇಬ್ರ. ದಿನಾ ನಾ ಪಾಠ ಮಾಡಾದು ಅದನ್ನ ನೋಡಿ.’

ಹೌದು, ಬಾಯಿ ಬಿಟ್ಟು ಹೇಳಿಬಿಟ್ಟೆ. ಕಂಪನಿಯವರು ಹಂಚಿ ಉಳಿದ ಹ್ಯಾಂಡ್‌ಬಿಲ್ಲುಗಳನ್ನು ಹೊಲಿದು ಮಾಡಿದ ಕಟ್ಟು ಅದು. ಹಿಂಬದಿ ಖಾಲಿ, ಅಲ್ಲಿ ನನ್ನ ಸಾಲಿ ಇದೆ. ಒಂದೇ ಕೋಣೆ, ನಾಲ್ಕು ಕ್ಲಾಸು, ಒಬ್ಬ ಮಾಸ್ತರ. ಅದರಲ್ಲಿ ಬರೆದದ್ದು ಇಂಥವು: ‘ನಾಲ್ಕನೇ ಕ್ಲಾಸು ಪಡಸಾಲೆಯಲ್ಲಿ. ಹನ್ನೊಂದಕ್ಕೆ ಬಿಸಿಲು ಬೀಳುತ್ತದೆ, ಅಷ್ಟರೊಳಗೆ ಲೆಕ್ಕ ಮುಗಿಸು.’ ‘ಹತ್ತೊಂಬತ್ತು ಮಕ್ಕಳ ಮನೆಮಾತು ತೆಲುಗು. ಕಥೆ ಮೊದಲು ತೆಲುಗಿನಲ್ಲಿ ಹೇಳು, ಆಮೇಲೆ ಕನ್ನಡದಲ್ಲಿ ಓದಿಸು.’ ‘ನಾಟಿ ಮುಗಿಯುವ ತನಕ ಹೊಸ ಪಾಠ ಬೇಡ.’ ‘ಉಚ್ಚೆಂಗೆಮ್ಮ, ಮೂರನೇ ಕ್ಲಾಸು. ಗದ್ದೆಯಲ್ಲಿ ಸಸಿಕಟ್ಟು ಎಣಿಸುವಾಗ ನೂರು ದಾಟುತ್ತಾಳೆ, ಹಲಗೆಯ ಮುಂದೆ ಹದಿಮೂರಕ್ಕೆ ನಿಲ್ಲುತ್ತಾಳೆ. ಬಲಕ್ಕೆ ಗೋಡೆ ಬರುವ ಹಾಗೆ ಕೂರಿಸು.’

‘ಹುಡುಗಿ ಗೋಡಿ ಪಕ್ಕ ಕುಂತ್ಲೋ ಬಾಗಿಲ ಪಕ್ಕ ಕುಂತ್ಲೋ ಅಂತ ಸರ್ಕಾರ ಕೇಳೈತೇನ್ರಿ?’ ಎಂದು ಆ ಕಟ್ಟನ್ನು ಮೇಜಿಗೆ ಎಸೆದರು. ‘ಇನ್ನೊಬ್ಬ ಮಾಸ್ತರನ್ನ ಕೊಡ್ರಿ’ ಎಂದು ನಾನು ಎಂಟು ವರ್ಷದಿಂದ ಬರೆದ ಅರ್ಜಿಗಳನ್ನು ನೆನಪಿಸಿದೆ. ಅವರು ಜೀಪಿನತ್ತ ನಡೆದರು. ಮಂಜೂರಾದ ಟಿಪ್ಪಣಿಯಂತೆ ಪಾಠ ನಡೆಯದಿದ್ದರೆ ದೀಪಾವಳಿಯೊಳಗೆ ನನ್ನನ್ನು ಇಲ್ಲಿಂದ ಎತ್ತಿ ಹಾಕುತ್ತಾರಂತೆ.

ಯಾರೂ ಎಂಟು ತಿಂಗಳು ನಿಲ್ಲದ ಈ ಕ್ಯಾಂಪಿನಲ್ಲಿ ನಾನು ಎಂಟು ವರ್ಷ ನಿಂತಿದ್ದೇನೆ. ಬರುವ ಮಾರ್ಚ್‌ಗೆ ಒಂಬತ್ತು ಮಕ್ಕಳು ನಾಲ್ಕನೇ ಕ್ಲಾಸು ಮುಗಿಸುತ್ತಾರೆ. ಒಂಬತ್ತು! ಹಿಂದೆ ಇಬ್ಬರು ದಾಟಿದ್ದೇ ಹೆಚ್ಚು. ಅಲ್ಲಿಯವರೆಗೆ ನಾನು ಇಲ್ಲಿಂದ ಕದಲಬಾರದು.

ನೀನು ಮಾಡಬೇಕಾದದ್ದು ಇಷ್ಟೇ. ಸಾಹೇಬರಿಗೆ ಒಂದು ಸಾಲು ಬರಿ: ‘ಈ ಟಿಪ್ಪಣಿ ನಾನು ಬಳ್ಳಾರಿಯ ನನ್ನ ಮಕ್ಕಳಿಗೆ ಬರೆದದ್ದು.’ ಒಂದೇ ಸಾಲು. ನೀನು ಹೇಳಿದರೆ ಅವರು ಕೇಳುತ್ತಾರೆ.

ಜಾಗ ಮುಗಿಯಿತು. ಕ್ಷೇಮ.

ನಿನ್ನ ರಾಜಾಪಾರ್ಟು,
ಕೊಟ್ಟೂರಪ್ಪ


ಪಾರ್ವತಿನಗರ, ಬಳ್ಳಾರಿ
28-8-1974

ಗೆಳೆಯ ಕೊಟ್ಟೂರಪ್ಪನಿಗೆ,

ನಿನ್ನ ಕಾಗದವನ್ನು ನನ್ನಾಕೆ ದಾಕ್ಷಾಯಣಿ ಮೊದಲು ಓದಿ ಬಿದ್ದು ಬಿದ್ದು ನಕ್ಕಳು. ಪುಷ್ಪಕ ವಿಮಾನದ ಮಾತನ್ನು ಮಕ್ಕಳಿಗೂ ಓದಿ ಹೇಳಿದಳು. ನನಗೆ ನಗು ಬರಲಿಲ್ಲ.

ನೀನು ಆ ಹ್ಯಾಂಡ್‌ಬಿಲ್ಲಿನ ಕಟ್ಟನ್ನು ಯಾಕೆ ತೋರಿಸಿದೆ ಮಾರಾಯ? ತೋರಿಸಲು ಒಂದು, ಪಾಠಕ್ಕೆ ಒಂದು. ಎಲ್ಲರೂ ಹೀಗೇ ಬದುಕುತ್ತಿದ್ದೇವೆ. ನಾಟಕದಲ್ಲೂ ನಿನ್ನದು ಇದೇ ಚಟ. ನಾನು ಪರದೆಯ ಹಿಂದೆ ನಿಂತು ಪುಸ್ತಕ ನೋಡಿ ಮಾತು ಹೇಳಿಕೊಡುತ್ತಿದ್ದೆ, ನೀನು ಪುಸ್ತಕದಲ್ಲಿ ಇಲ್ಲದ್ದನ್ನು ಸೇರಿಸಿ ಕೂಗುತ್ತಿದ್ದೆ. ಜನ ಚಪ್ಪಾಳೆ ಹೊಡೆಯುತ್ತಿದ್ದರು. ಬೈಗುಳ ತಿನ್ನುತ್ತಿದ್ದವನು ನಾನು.

ಇನ್ನೊಂದು ವಿಷಯವನ್ನು ನೀನು ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳುತ್ತೇನೆ. ನನ್ನ ಟಿಪ್ಪಣಿಯನ್ನು ಎಲ್ಲ ಶಾಲೆಗಳಿಗೂ ಮಾದರಿಯೆಂದು ಅಚ್ಚು ಹಾಕಿಸುತ್ತಿದ್ದಾರೆ. ನನ್ನ ಹೆಸರಿನಲ್ಲಿ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮೊದಲ ಸಲ ಯಾರೋ ನನ್ನ ಕೆಲಸವನ್ನು ಕಂಡಿದ್ದಾರೆ. ಈಗ ನಾನೇ ‘ಇದು ಬೇರೆ ಕಡೆ ನಡೆಯುವುದಿಲ್ಲ’ ಎಂದು ಬರೆದರೆ?

ನೀನು ಕೇಳುವುದು ಒಂದು ಸಾಲು. ಆ ಸಾಲಿನ ತೂಕ ನಿನಗೆ ಗೊತ್ತಿಲ್ಲ. ಸ್ವಲ್ಪ ದಿನ ಬಾಯಿ ಬಿಗಿಹಿಡಿ.

ಇಂತಿ,
ಮರಿಬಸಪ್ಪ


ಶಾಲಾ ಇನ್‌ಸ್ಪೆಕ್ಟರರ ಜ್ಞಾಪನ
16-9-1974

ಕಾಲುವೆ ಕ್ಯಾಂಪ್ ಶಾಲೆಯ ಶ್ರೀ ಕೊಟ್ಟೂರಪ್ಪ ಇವರು ಮಂಜೂರಾದ ಟಿಪ್ಪಣಿಯಂತೆ ಬೋಧಿಸುವುದು ಅಸಾಧ್ಯವೆಂದು ಲಿಖಿತ ಸಮಜಾಯಿಷಿ ನೀಡಿರುತ್ತಾರೆ. ಸದರಿ ಟಿಪ್ಪಣಿಯ ಕರ್ತೃ ಶ್ರೀ ಮರಿಬಸಪ್ಪ ಇವರು ದಿನಾಂಕ 4-10-1974ರಂದು ಸದರಿ ಶಾಲೆಯಲ್ಲಿ ‘ರೈಲು ನಿಲ್ದಾಣ’ ಕುರಿತು ಮಾದರಿ ಪಾಠ ಕೊಟ್ಟು, ಬೋಧನೆ ಸಾಧ್ಯವೋ ಅಸಾಧ್ಯವೋ ಎಂಬ ಬಗ್ಗೆ ಹದಿನೈದು ದಿನದೊಳಗೆ ವರದಿ ಸಲ್ಲಿಸತಕ್ಕದ್ದು.

(ಸಹಿ)


ಕಾಲುವೆ ಕ್ಯಾಂಪ್
7-10-1974

ಮರಿಬಸಪ್ಪಾ,

ನೀನು ಪಾಠ ಮಾಡಿದೆ, ಸಾಹೇಬರ ಜೀಪಿನಲ್ಲಿ ಸಿರುಗುಪ್ಪಕ್ಕೆ ಹೋದೆ, ಬಸ್ಸು ಹತ್ತಿದೆ. ನನ್ನ ಮನೆಯಲ್ಲಿ ಒಂದು ಲೋಟ ಮಜ್ಜಿಗೆ ಕುಡಿಯಲೂ ನಿಲ್ಲಲಿಲ್ಲ. ಇರಲಿ. ರಂಗದ ಮೇಲಿದ್ದವನಿಗೆ ಕಾಣದ್ದು ಕೆಳಗೆ ಕೂತವನಿಗೆ ಕಾಣುತ್ತದೆ. ಕಂಡದ್ದನ್ನು ಹೇಳುತ್ತೇನೆ.

ಬಂದವನೇ ಮಕ್ಕಳನ್ನೆಲ್ಲ ಎಬ್ಬಿಸಿ ಎತ್ತರದ ಪ್ರಕಾರ ಕೂರಿಸಿದೆ. ಟಿಪ್ಪಣಿಯಲ್ಲಿ ಹಾಗೆ ಬರೆದಿದೆಯಲ್ಲ! ನಾನು ತಿಂಗಳುಗಟ್ಟಲೆ ತಿಣುಕಿ ಯಾರ ಪಕ್ಕ ಯಾರು ಎಂದು ಕೂರಿಸಿದ್ದೆ. ತೆಲುಗಿನ ಮಗುವಿನ ಪಕ್ಕ ಕನ್ನಡದ ಮಗು, ಓದುವವಳ ಪಕ್ಕ ಓದದವನು. ನಿನ್ನ ಒಂದು ‘ಏಳ್ರಿ’ಗೆ ಎಲ್ಲ ಕಲಸಿಹೋಯಿತು. ಬಳ್ಳಾರಿಯಿಂದ ತಂದ ತಗಡಿನ ರೈಲನ್ನು ನೀನು ನೆಲಕ್ಕೆ ಬಿಟ್ಟಾಗ ಒಂದನೇ ಕ್ಲಾಸಿನ ಹನ್ನೊಂದು ಮಕ್ಕಳು ಅದರ ಮೇಲೆ ಬಿದ್ದವು. ಬೀಳದೆ? ಅವರಿಗೆ ಬೇರೆ ಕೋಣೆ ಇದೆಯೇ? ಪಡಸಾಲೆಯಲ್ಲಿ ನಾಲ್ಕನೇ ಕ್ಲಾಸು ಬಿಸಿಲಲ್ಲಿ ಸುಡುತ್ತಿತ್ತು. ಆ ಕಡೆ ನೀನು ತಿರುಗಿ ನೋಡಲಿಲ್ಲ. ಟಿಪ್ಪಣಿಯಲ್ಲಿ ಪಡಸಾಲೆ ಇಲ್ಲ.

‘ರೈಲು ಎಲ್ಲಿ ನಿಲ್ಲತೈತಿ?’ ಎಂದು ಕೇಳಿದೆ. ಸತ್ಯಮ್ಮ ಎದ್ದು ನಿಂತು ‘ಮೀ ಕಾಲಿ ದಗ್ಗರ ಸಾರ್’ ಎಂದಳು. ನಿಮ್ಮ ಕಾಲ ಹತ್ತಿರ! ನಿಜವೇ ಅಲ್ಲವೇ? ಆ ತಗಡಿನ ರೈಲು ನಿನ್ನ ಚಪ್ಪಲಿಗೆ ತಾಗಿ ನಿಂತಿತ್ತು. ನಿನ್ನ ಕನ್ನಡ ಅವಳಿಗೆ ಅರ್ಥವಾಗಿತ್ತು, ಕಣ್ಣು ಬಿಟ್ಟು ನೋಡಿ ಸರಿಯಾಗಿ ಹೇಳಿದ್ದಳು. ನಿನಗೂ ತೆಲುಗು ಬರುತ್ತದೆ, ಬಳ್ಳಾರಿಯವನು. ಆದರೂ ‘ಕನ್ನಡದಾಗ ಹೇಳು’ ಎಂದು ಗದರಿದೆ. ಅವಳು ಕೂತಳು. ಆಮೇಲೆ ತೆಲುಗಿನ ಮಕ್ಕಳಲ್ಲಿ ಒಂದೂ ಬಾಯಿ ತೆರೆಯಲಿಲ್ಲ.

ಈಗ ಬರುತ್ತದೆ ನನ್ನ ಎದೆ ಸುಡುವ ದೃಶ್ಯ. ನೀನು ಉಚ್ಚೆಂಗೆಮ್ಮನನ್ನು ಗೋಡೆಯಿಂದ ಎಬ್ಬಿಸಿ ಮುಂದಿನ ಸಾಲಿನ ನಡುವೆ ಕೂರಿಸಿದ್ದೆ. ಅವಳ ಬಲಕ್ಕೆ ನಿಂತು ಮೂರು ಸಲ ಪ್ರಶ್ನೆ ಕೇಳಿದೆ. ಅವಳು ರೈಲನ್ನೇ ನೋಡುತ್ತಿದ್ದಳು. ‘ಮೊಂಡಿ ಅದಾಳ’ ಎಂದೆ. ಸಾಹೇಬರು ತಲೆಯಾಡಿಸಿ ಬರೆದುಕೊಂಡರು.

ಅವಳ ಬಲಗಿವಿ ಕೇಳುವುದಿಲ್ಲಲೇ! ಎಳೆಗೂಸಾಗಿದ್ದಾಗ ಸೋರಿ ಸೋರಿ ಹೋದ ಕಿವಿ ಅದು. ಬಲಕ್ಕೆ ಗೋಡೆ ಇದ್ದರೆ ಜಗತ್ತೆಲ್ಲ ಅವಳ ಎಡಕ್ಕೆ ಬರುತ್ತದೆ, ಅದಕ್ಕೇ ಆ ಗೋಡೆ! ನಾನು ಹೇಳಲು ಎದ್ದೆ, ಸಾಹೇಬರು ಕೈ ಸನ್ನೆ ಮಾಡಿ ಕೂರಿಸಿದರು.

ಇವತ್ತು ಸಾಲಿ ಬಿಟ್ಟ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ನನ್ನ ಹತ್ತಿರ ಬಂದಳು. ‘ಸರ, ಬಳ್ಳಾರಿ ಸರ ನನ ಮ್ಯಾಲ ಯಾಕ ಸಿಟ್ಟಾದ್ರು? ಅವ್ರು ಏನರ ಕೇಳಿದ್ರೇನು?’ ಎಂದಳು.

ಏನು ಹೇಳಲಿ ಅವಳಿಗೆ? ನೀನೇ ಹೇಳು.

ವರದಿ ಇನ್ನೂ ನಿನ್ನ ಕೈಯಲ್ಲಿದೆ. ಕುರುಗೋಡಿನ ದೊಡ್ಡ ಬಸವಣ್ಣನ ಹಾಗೆ ಕಲ್ಲಾಗಿ ಕೂರಬೇಡ. ಆ ಒಂದು ಸಾಲು ಬರಿ.

ಕೊಟ್ಟೂರಪ್ಪ


(ಅಂಚೆ ಕಾರ್ಡು)
ಬಳ್ಳಾರಿ, 21-10-1974

ವರದಿ ಕಳಿಸಿದೆ. ಸಾಹೇಬರು ಎದುರು ಕೂತು ಬರೆಸಿದರು. ಪುಸ್ತಕ ಅಚ್ಚಿನಿಂದ ಬಂದಿತ್ತು, ಅದೂ ಮೇಜಿನ ಮೇಲೆಯೇ ಇತ್ತು. ಆ ಹುಡುಗಿಯ ವಿಷಯ ನನಗೆ ಗೊತ್ತಿರಲಿಲ್ಲ. ಇನ್ನು ಏನೂ ಕೇಳಬೇಡ.

ಮ.


ಕಾಲುವೆ ಕ್ಯಾಂಪ್
12-11-1974

ಶ್ರೀ ಮರಿಬಸಪ್ಪನವರಿಗೆ,

ಬಹುವಚನ ನೋಡಿ ಬೆಚ್ಚಬೇಡಿ. ಗ್ರಂಥಕರ್ತರಿಗೆ ಮರ್ಯಾದೆ ಕೊಡಬೇಕಲ್ಲ.

ತಮ್ಮ ವರದಿಯ ನಕಲು ನನ್ನ ವರ್ಗಾವಣೆ ಆದೇಶದ ಬೆನ್ನಿಗೇ ಬಂತು. ‘ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು. ಟಿಪ್ಪಣಿಯಂತೆ ಬೋಧನೆ ಈ ಶಾಲೆಯಲ್ಲಿ ಪೂರ್ಣ ಸಾಧ್ಯ.’ ಪೂರ್ಣ ಸಾಧ್ಯ! ಆ ಎರಡು ಮಾತು ಬರೆಯುವಾಗ ನಿಮ್ಮ ಲೇಖನಿ ಒಡೆಯಲಿಲ್ಲವೇ? ಮಸಿ ಹೆಪ್ಪುಗಟ್ಟಲಿಲ್ಲವೇ? ನನ್ನ ಏಳನೇ ತಾರೀಖಿನ ಕಾಗದ ನಿಮ್ಮ ಜೇಬಿನಲ್ಲಿತ್ತು. ಆ ಹುಡುಗಿಯ ಪ್ರಶ್ನೆ ಅದರೊಳಗಿತ್ತು. ಗೊತ್ತಿರಲಿಲ್ಲವಂತೆ! ಪಾಠ ಮಾಡುವಾಗ ಗೊತ್ತಿರಲಿಲ್ಲ, ನಿಜ. ವರದಿ ಬರೆಯುವಾಗ?

ದೇವರು ಮಾತ್ರ ಒಳ್ಳೆಯ ನಾಟಕಕಾರ. ಆದೇಶದ ಎರಡನೇ ಪುಟ ಓದಿದಿರಾ? ‘ಶ್ರೀ ಮರಿಬಸಪ್ಪ ಇವರು ಸದರಿ ಶಾಲೆಯನ್ನು ಯಶಸ್ವಿಯಾಗಿ ನಿಭಾಯಿಸಬಲ್ಲರೆಂದು ತಾವೇ ವರದಿ ನೀಡಿರುವುದರಿಂದ’ ನಿಮ್ಮನ್ನು ಇಲ್ಲಿಗೆ, ನನ್ನನ್ನು ನಿಮ್ಮ ಜಾಗಕ್ಕೆ! ನಗಬೇಕೆನಿಸಿತು. ಪಡಸಾಲೆಯ ಒಂಬತ್ತು ಮಕ್ಕಳ ಮುಖ ನೋಡಿದೆ, ಆದೇಶ ಮಡಚಿಟ್ಟು ಲೆಕ್ಕ ಶುರು ಮಾಡಿದೆ.

ಬೀಗದ ಕೈ ಹೊನ್ನೂರಪ್ಪನ ಚಹಾದಂಗಡಿಯಲ್ಲಿ ಕೊಟ್ಟಿರುತ್ತೇನೆ. ನಿಮ್ಮ ಟಿಪ್ಪಣಿ ಕಪಾಟಿನಲ್ಲಿದೆ. ನನ್ನ ಕಟ್ಟು ನನ್ನ ಜತೆ ಬರುತ್ತದೆ.

ಕೊಟ್ಟೂರಪ್ಪ


ಕಾಲುವೆ ಕ್ಯಾಂಪ್
6-12-1974

ಕೊಟ್ಟೂರಪ್ಪಾ,

ನಿನಗೆ ಬರೆಯುವ ಮುಖ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಬೇರೆ ದಾರಿಯಿಲ್ಲ.

ಹದಿನೇಳು ದಿನವಾಯಿತು. ನೆಲ್ಲು ಕೊಯ್ಲಿಗೆ ಬಂದಿದೆ, ಇವತ್ತು ಹತ್ತೊಂಬತ್ತು ಮಕ್ಕಳು. ನಿನ್ನೆ ಮೂವತ್ತೊಂದು. ನಾಳೆ ಎಷ್ಟೋ. ನಿನ್ನೆ ಕಲಿಸಿದ್ದನ್ನು ಇವತ್ತು ಕೇಳಿದರೆ ನಿನ್ನೆ ಇದ್ದವರು ಇಲ್ಲ. ಹನ್ನೊಂದಕ್ಕೆ ಪಡಸಾಲೆಯವರು ಒಳಗೆ ನುಗ್ಗುತ್ತಾರೆ. ಒಂದನೇ ಕ್ಲಾಸು ಅಳುತ್ತದೆ, ಮೂರನೆಯದು ನಗುತ್ತದೆ. ಸತ್ಯಮ್ಮ ನನ್ನ ಜತೆ ಮಾತಾಡುವುದಿಲ್ಲ. ಹೊನ್ನೂರಪ್ಪ ಚಹಾ ಕೊಡುತ್ತ, ‘ಸರ, ನಿಮ್ಮ ರೈಲು ಹೊಂಟಿಲ್ಲೇನ್ರಿ ಇನ್ನಾ?’ ಎನ್ನುತ್ತಾನೆ.

ಉಚ್ಚೆಂಗೆಮ್ಮ ಸಾಲಿಗೆ ಬರುತ್ತಿಲ್ಲ. ಅವರ ಗುಡಿಸಲಿಗೆ ಹೋಗಿದ್ದೆ. ಅವಳ ತಾಯಿ ದೊಡ್ಡಬಸಮ್ಮ, ‘ಅಕಿ ಮೊಂಡಿ ಅಂತ ನೀವಾ ಅಂದಿರಂತಲ್ರಿ, ಮೊಂಡಿಗೆ ಸಾಲಿ ಯಾಕ್ರಿ?’ ಎಂದಳು. ಬಂದ ದಾರಿಯಲ್ಲೇ ತಿರುಗಿ ಬಂದೆ.

ನಿನ್ನ ಹ್ಯಾಂಡ್‌ಬಿಲ್ಲಿನ ಕಟ್ಟು ಕಳಿಸು. ಕೈ ಮುಗಿಯುತ್ತೇನೆ.

ಮರಿಬಸಪ್ಪ


ಬಳ್ಳಾರಿ
20-12-1974

ಮರಿಬಸಪ್ಪಾ,

ಕಳಿಸುವುದಿಲ್ಲ.

ಸಿಟ್ಟಿಗೆ ಎಂದುಕೊಳ್ಳಬೇಡ. ಸಿಟ್ಟು ಇದೆ, ಬೇಕಾದಷ್ಟಿದೆ, ಈ ಊರಿನ ಬೆಟ್ಟದಷ್ಟಿದೆ! ಆದರೆ ಕಾರಣ ಬೇರೆ. ಕಳಿಸಿದರೆ ನೀನು ಅದನ್ನು ನಕಲು ಮಾಡುತ್ತೀ. ಎಂಟು ವರ್ಷ ನಾನು ನಿನ್ನದನ್ನು ನಕಲು ಮಾಡಿದೆ, ಅದರ ಫಲ ಇಬ್ಬರೂ ಉಣ್ಣುತ್ತಿದ್ದೇವೆ. ನಾನು ಮೊದಲ ವರ್ಷವೇ ‘ನಿನ್ನ ಟಿಪ್ಪಣಿ ಇಲ್ಲಿಗೆ ಒಗ್ಗುವುದಿಲ್ಲಲೇ’ ಎಂದು ಬರೆದಿದ್ದರೆ, ಇದು ಎಲ್ಲ ಶಾಲೆಗೂ ಒಗ್ಗುತ್ತದೆಂದು ನೀನು ನಂಬುತ್ತಿದ್ದೆಯಾ? ಬರೆಯಲಿಲ್ಲ. ದುಂಡಗೆ ನಕಲು ಮಾಡಿ ಕೆಂಪು ರುಜು ಹಾಕಿಸಿಕೊಂಡೆ. ಆ ಪಾಪದಲ್ಲಿ ನನ್ನ ಪಾಲೂ ಇದೆ.

ಇನ್ನೊಂದು ಮಾತು, ಹೇಳಲು ಹೊಟ್ಟೆ ಉರಿಯುತ್ತದೆ, ಆದರೂ ಹೇಳುತ್ತೇನೆ. ಮೊನ್ನೆ ಇಲ್ಲಿ ನಿನ್ನ ರೈಲು ನಿಲ್ದಾಣದ ಪಾಠ ಮಾಡಿದೆ. ಮಕ್ಕಳನ್ನು ಸಾಲಾಗಿ ಕರೆದೊಯ್ದೆ. ಗುಂತಕಲ್ಲಿಂದ ಗಾಡಿ ಬಂತು. ಒಬ್ಬನ ಅಪ್ಪ ಅಲ್ಲೇ ಹಮಾಲಿ ಮಾಡುತ್ತಾನೆ, ಅವನೇ ಮಕ್ಕಳಿಗೆ ಸಿಗ್ನಲ್ಲಿನ ಅರ್ಥ ಹೇಳಿದ. ಎಂಥ ಪಾಠ ಮಾರಾಯ ಅದು! ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಈ ಮಕ್ಕಳನ್ನು ಎಷ್ಟು ಪ್ರೀತಿಯಿಂದ ನೋಡಿ ಬರೆದಿದ್ದೀಯ ಎಂದು ನನಗೆ ಆಗ ಗೊತ್ತಾಯಿತು. ಅಲ್ಲಿಯೂ ಹಾಗೇ ನೋಡು.

ಇದರ ಜತೆ ಹನ್ನೆರಡು ಹ್ಯಾಂಡ್‌ಬಿಲ್ಲು ಇಟ್ಟಿದ್ದೇನೆ. ಹಿಂಬದಿ ಖಾಲಿ. ಮೊದಲ ದಿನ ಏನೂ ಕಲಿಸಬೇಡ, ಬರೀ ಕೂತು ನೋಡು. ಆಮೇಲೆ ಮತ್ತೆ ದೊಡ್ಡಬಸಮ್ಮನ ಮನೆಗೆ ಹೋಗು. ತಪ್ಪಾಯಿತು ಎನ್ನು. ಹುಡುಗಿಯ ಎಡಕ್ಕೆ ನಿಂತು ಎನ್ನು.

ಕೊಟ್ಟೂರಪ್ಪ


ಕಾಲುವೆ ಕ್ಯಾಂಪ್
17-2-1975

ಲೇ ಕೊಟ್ಟೂರಪ್ಪಾ,

ಕಾಗದದ ಮುಂದಿನ ಬದಿ ನೋಡಿ ನಗಬೇಡ, ಬರೆಯುವುದಕ್ಕೆ ಇದೇ ಉಳಿದಿದ್ದು. ನೀನು ಕಳಿಸಿದ ಹನ್ನೆರಡೂ ಮುಗಿದು ಸಿರುಗುಪ್ಪದಿಂದ ಮತ್ತೆ ತರಿಸಿದೆ.

ಜೀವನದಲ್ಲಿ ಇಂಥ ಸಿಟ್ಟು ನನಗೆ ಬಂದಿರಲಿಲ್ಲ. ನೀನು ಹೇಗೆ ತಡೆದುಕೊಂಡೆಯೋ! ಸಾಹೇಬರು ಬಂದಿದ್ದರು. ಅಚ್ಚಾದ ಪುಸ್ತಕ ಅವರ ಕೈಯಲ್ಲಿ. ನಾನು ಆಗ ಸಸಿಕಟ್ಟಿನ ಲೆಕ್ಕ ನಡೆಸುತ್ತಿದ್ದೆ, ಸತ್ಯಮ್ಮ ತೆಲುಗಿನಲ್ಲಿ ಹೇಳಿದ್ದನ್ನು ಪಕ್ಕದವಳು ಕನ್ನಡದಲ್ಲಿ ಹಲಗೆಗೆ ಹಾಕುತ್ತಿದ್ದಳು.

‘ಇದು ಯಾವ ಪಾಠ? ಮರಿಬಸಪ್ಪನವರ ಟಿಪ್ಪಣಿ ಯಾಕ್ರಿ ಅನುಸರಿಸಿಲ್ಲ?’

‘ಸಾಹೇಬ್ರ, ನಾನಾ ಮರಿಬಸಪ್ಪ.’

‘ಯಾರರ ಆಗ್ರಿ. ಪುಸ್ತಕದಂಗ ನಡೀರಿ!’

ಕೇಳಿದೆಯಾ? ನಾನು ಬರೆದದ್ದನ್ನು ನಾನು ಅನುಸರಿಸಿಲ್ಲವೆಂದು ನನಗೇ ಜ್ಞಾಪನ! ‘ಅದನ್ನು ಬರೆದಾಗ ನನ್ನ ಮುಂದೆ ಬೇರೆ ಮಕ್ಕಳು ಕೂತಿದ್ದರು’ ಎಂದೆ. ಕೂಗಿಯೇ ಹೇಳಿದೆ. ಪಡಸಾಲೆಯವರೆಲ್ಲ ಇಣುಕಿ ನೋಡಿದರು. ಹೊನ್ನೂರಪ್ಪ ಆಮೇಲೆ, ‘ಕೊಟ್ಟೂರಪ್ಪ ಸರ ತಿರುಗಿ ಬಂದ್ರೇನೋ ಅನ್ಕೊಂಡ್ನಿರಿ’ ಎಂದ.

ಉಚ್ಚೆಂಗೆಮ್ಮ ಈಗ ಸಾಲಿಗೆ ಬರುತ್ತಾಳೆ. ಮೂರು ಸಲ ಅಲೆದೆ ಅವರ ಮನೆಗೆ. ಒಂಬತ್ತರಲ್ಲಿ ಎಂಟು ಮಕ್ಕಳು ಮಾರ್ಚ್‌ಗೆ ದಾಟುತ್ತಾರೆ. ಒಬ್ಬನ ಮನೆಯವರು ಕ್ಯಾಂಪು ಬಿಟ್ಟು ಹೋದರು, ತಡೆಯಲು ನನ್ನಿಂದ ಆಗಲಿಲ್ಲ.

ಈಗ ಮುಖ್ಯ ವಿಷಯ. ಬಳ್ಳಾರಿಯಲ್ಲಿ ನನ್ನ ಟಿಪ್ಪಣಿಯಂತೆ ನೀನು ‘ಅತ್ಯುತ್ತಮ’ವಾಗಿ ಪಾಠ ಮಾಡುತ್ತಿರುವೆಯಂತೆ. ಆದ್ದರಿಂದ ಮಾರ್ಚ್ ಏಳಕ್ಕೆ ಇಲ್ಲಿ ಮಾದರಿ ಪಾಠ ಕೊಟ್ಟು ವರದಿ ಬರೆಯಲು ನಿನ್ನನ್ನೇ ನೇಮಿಸಿದ್ದಾರೆ. ನೀನು ‘ಸಾಧ್ಯ’ ಎಂದು ಬರೆದರೆ ನಿನ್ನ ಬಳ್ಳಾರಿ ಉಳಿಯುತ್ತದೆ, ನಾನು ಇಲ್ಲಿಂದ ಹೋಗುತ್ತೇನೆ.

ನೀನು ಕೇಳಿದ ಒಂದು ಸಾಲನ್ನು ನಾನು ಕೊಡಲಿಲ್ಲ. ನನಗೆ ಕೊಡು ಎಂದು ಕೇಳುವ ಹಕ್ಕು ನನಗಿಲ್ಲ. ಮಜ್ಜಿಗೆ ಮಾತ್ರ ಕುಡಿದು ಹೋಗು.

ಮರಿಬಸಪ್ಪ


ಬಳ್ಳಾರಿ
10-3-1975

ಮಾನ್ಯ ಶಾಲಾ ಇನ್‌ಸ್ಪೆಕ್ಟರರ ಸನ್ನಿಧಿಗೆ,
(ನಕಲು: ಶ್ರೀ ಮರಿಬಸಪ್ಪ, ಕಾಲುವೆ ಕ್ಯಾಂಪ್)

ತಮ್ಮ ಆಜ್ಞೆಯಂತೆ ಏಳನೇ ತಾರೀಖು ಸದರಿ ಶಾಲೆಗೆ ಹೋಗಿದ್ದೆ. ತಮಗೆ ಅಂದು ಬರಲಾಗಲಿಲ್ಲ, ಆದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ಮಾದರಿ ಪಾಠ ನಾನು ಕೊಡಲಿಲ್ಲ. ಎಂಟು ವರ್ಷ ಆ ಕೋಣೆಯಲ್ಲಿ ಗಂಟಲು ಹರಿದುಕೊಂಡವನು ನಾನು. ಆದರೂ ಆ ಮಕ್ಕಳನ್ನು ಬಿಟ್ಟು ನಾಲ್ಕು ತಿಂಗಳಾಗಿದೆ, ಅವರೀಗ ಎಲ್ಲಿ ತೊಡರುತ್ತಾರೆ, ಎಲ್ಲಿ ಓಡುತ್ತಾರೆ ಎಂಬುದು ನನಗೆ ಗೊತ್ತಿಲ್ಲ. ಗೊತ್ತಿರುವವರು ಪಾಠ ಮಾಡಿದರು. ನಾನು ಹಿಂದಿನ ಸಾಲಿನಲ್ಲಿ ಒಂದನೇ ಕ್ಲಾಸಿನ ನಡುವೆ ಕೂತು ನೋಡಿದೆ.

ಹನ್ನೊಂದಕ್ಕೆ ಮೊದಲೇ ಪಡಸಾಲೆಯವರ ಲೆಕ್ಕ ಮುಗಿದಿತ್ತು. ಸತ್ಯಮ್ಮ ಎಂಬ ಹುಡುಗಿ ಕಥೆಯನ್ನು ತೆಲುಗಿನಲ್ಲಿ ಹೇಳಿದಳು, ಕನ್ನಡದಲ್ಲಿ ಓದಿದಳು. ಉಚ್ಚೆಂಗೆಮ್ಮ ಎಂಬವಳು ಬಲಕ್ಕೆ ಗೋಡೆ ಮಾಡಿಕೊಂಡು ಕೂತಿದ್ದಳು. ಮಾಸ್ತರರು ಅವಳ ಎಡಕ್ಕೆ ಬಂದು ನಿಂತು, ಪಿಸುಮಾತಿನಷ್ಟು ಮೆಲ್ಲಗೆ ಒಂದು ಲೆಕ್ಕ ಕೇಳಿದರು. ಅವಳು ಎದ್ದು ಹಲಗೆಗೆ ನೂರಾ ಹದಿನಾಲ್ಕು ಎಂದು ಬರೆದಳು. ಉತ್ತರ ಸರಿಯಾಗಿತ್ತು.

ತಾವು ಕೇಳಿದ ಪ್ರಶ್ನೆಗೆ ಉತ್ತರ: ಶ್ರೀ ಮರಿಬಸಪ್ಪನವರ ಅಚ್ಚಾದ ಟಿಪ್ಪಣಿ ಬಳ್ಳಾರಿಯ ಮಕ್ಕಳಿಗೆ ಬರೆದದ್ದು. ಕ್ಯಾಂಪಿನ ಮಕ್ಕಳಿಗೆ ಬರೆದದ್ದು ಅವರ ಮೇಜಿನ ಮೇಲೆ, ಹ್ಯಾಂಡ್‌ಬಿಲ್ಲಿನ ಹಿಂಬದಿಯಲ್ಲಿದೆ. ಅದನ್ನು ದಯವಿಟ್ಟು ಅಚ್ಚು ಹಾಕಿಸಬೇಡಿ.

ಈ ವರದಿಗಾಗಿ ನನ್ನ ಮೇಲೆ ಕ್ರಮ ಕೈಗೊಳ್ಳುವುದಾದರೆ ಒಂದು ವಿನಂತಿ. ಆ ಶಾಲೆಗೆ ಎರಡನೇ ಮಾಸ್ತರ ಬೇಕೆಂದು ಎಂಟು ವರ್ಷ ಅರ್ಜಿ ಬರೆದಿದ್ದೇನೆ. ಮರಿಬಸಪ್ಪನವರನ್ನು ಅಲ್ಲಿಂದ ಕದಲಿಸದೆ, ಶಿಕ್ಷೆಯ ರೂಪದಲ್ಲಾದರೂ ನನ್ನನ್ನು ಅಲ್ಲಿಗೆ ಹಾಕಬೇಕು.

ತಮ್ಮ ವಿಧೇಯ,
ಕೊಟ್ಟೂರಪ್ಪ